ಹವಳಕ್ಕೆ ಮಣ್ಣು ಕೊಟ್ಟ ಉಳವಪ್ಪ

ಉಳವಪ್ಪ ಸಮುದ್ರ ಕಂಡವನಲ್ಲ. ಐವತ್ತೇಳು ವರ್ಷದಲ್ಲಿ ಅವನು ಕಂಡ ದೊಡ್ಡ ನೀರೆಂದರೆ ಹುಬ್ಬಳ್ಳಿಯ ಉಣಕಲ್ ಕೆರೆ. ಅದನ್ನೂ ಬಸ್ಸಿನ ಕಿಟಕಿಯಿಂದ ಕಂಡದ್ದು. ಆದರೂ ಸಾಯುವ ಮೊದಲಿನ ನಾಲ್ಕು ವರ್ಷ ಒಂದು ಸಮುದ್ರ ಅವನ ಕೈಯಲ್ಲಿತ್ತು. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಬಂದವರು ಕೂಡುವ ಪಡಸಾಲೆಯಲ್ಲಿ, ಮಾಲಕರ ಫೋಟೋದ ಕೆಳಗೆ ಆ ಸಮುದ್ರ ಇತ್ತು.

ಅವನು ಹೋಗಿ ಏಳು ತಿಂಗಳಾಯಿತು. ಪೇಪರಿನವರು ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು? ಹೆಬ್ಬಳ್ಳಿ ಎಂಬ ಹಳ್ಳಿಯವನು, ಕಾರ್ಖಾನೆಯ ಮಾಲಿ. ಎದೆ ಹಿಡಿದಂತಾಗುತ್ತದೆ ಎಂದ, ಕಟ್ಟೆಯ ಮೇಲೆ ಕುಳಿತ, ಹೋದ. ಹವಳ ಸತ್ತರೆ ಬರೆಯುತ್ತಾರೆ. ಅರ್ಧ ಪುಟದ ಚಿತ್ರ ಹಾಕಿ ಬರೆಯುತ್ತಾರೆ. ಜನ ಅದನ್ನು ನೋಡಿ ಅಯ್ಯೋ ಪಾಪ ಎನ್ನುತ್ತಾರೆ, ಮರುದಿನ ಅದೇ ಪೇಪರಿನಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಾರೆ.

ಸಮುದ್ರ ಬೇಲೂರಿಗೆ ಬಂದದ್ದು ಹೀಗೆ. ಕಾರ್ಖಾನೆಯ ಮಾಲಕರು ರಮಾಕಾಂತ ಸಾಹೇಬರು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆ. ಪಂಪಿನ ಬಿಡಿಭಾಗ ಮಾಡಿಸುತ್ತಾರೆ. ಒಂದು ಸಲ ಅಂಡಮಾನಕ್ಕೆ ಹೋದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿದರು. ತಳದಲ್ಲಿ ಹವಳದ ದಿಬ್ಬ ಕಂಡಿತು. ಅದರ ಚಂದಕ್ಕೆ ಸಾಹೇಬರು ಮನಸೋತರು. ಎಷ್ಟು ಮನಸೋತರೆಂದರೆ ಅದರ ಮೇಲೆಯೇ ಎರಡೂ ಕಾಲು ಊರಿ ನಿಂತು ಫೋಟೋ ತೆಗೆಸಿಕೊಂಡರು. ಕಾಲ ಕೆಳಗೆ ಏನೋ ಮುರಿದದ್ದು ಫೋಟೋದಲ್ಲಿಯೂ ಕಾಣುತ್ತದೆ. ಅದನ್ನೇ ದೊಡ್ಡದು ಮಾಡಿಸಿ ಪಡಸಾಲೆಗೆ ಹಾಕಿಸಿದರು. ನೋಡಿದವರೆಲ್ಲ, ಸಾಹೇಬರಿಗೆ ನಿಸರ್ಗದ ಮೇಲೆ ಭಾಳ ಪ್ರೀತಿ ಎಂದರು.

ಪ್ರೀತಿ ಹುಟ್ಟಿದ ಮೇಲೆ ಅದು ತನ್ನ ಜಾಗದಲ್ಲಿ ಇರಲಿ ಎಂದು ಬಿಡಲು ಆಗುತ್ತದೆಯೇ? ತರಿಸಿದರು. ಐದು ಹವಳದ ಗಡ್ಡೆಗಳು ಒಂದು ಪೆಟ್ಟಿಗೆಯಲ್ಲಿ ಬಂದವು. ಎಲ್ಲಿಂದ ಬಂದವು ಎಂದು ಸಾಹೇಬರು ಕೇಳಲಿಲ್ಲ, ಕಳಿಸಿದವನು ಹೇಳಲಿಲ್ಲ. ಪೆಟ್ಟಿಗೆಯ ಮೇಲೆ ಅಲಂಕಾರದ ಕಲ್ಲು ಎಂದು ಬರೆದಿತ್ತು.

ಸಿಬ್ಬಂದಿಯ ಉಸಾಬರಿ ನೋಡುವ ವಿಶಾಲ ಎಂಬ ಹುಡುಗ ಉಳವಪ್ಪನನ್ನು ತೋಟದಿಂದ ಕರೆಸಿದ.

"ಉಳವಪ್ಪನವರ, ಇನ್ನ ಮ್ಯಾಲೆ ಇದನ್ನೂ ನೀವ ನೋಡ್ಕೋರಿ."

"ಇದೇನೈತ್ರಿ?"

"ಸಮುದ್ರದ ಗಿಡ."

"ಗೊಬ್ಬರಾ ಏನ್ ಹಾಕಬೇಕ್ರಿ?"

ವಿಶಾಲನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅವನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. "ಅವರ್ನ ಕೇಳ್ರಿ" ಎಂದು ಗಾಜಿನ ತೊಟ್ಟಿ ಜೋಡಿಸುತ್ತಿದ್ದವನ ಕಡೆ ಕೈಮಾಡಿ ಹೋದ.

ಜೋಡಿಸುತ್ತಿದ್ದವನು ಅಲ್ಲಾವುದ್ದೀನ. ಕೇಶ್ವಾಪುರದಲ್ಲಿ ಮೀನಿನ ತೊಟ್ಟಿಯ ಸಣ್ಣ ಅಂಗಡಿ. ಮೂವತ್ತರ ಆಸುಪಾಸಿನವನು. ಮೊಣಕೈತನಕ ನೀರಲ್ಲಿ ಕೈ ಇಟ್ಟುಕೊಂಡೇ ಹೇಳಿದ.

"ಕಾಕಾ, ಇದು ಗಿಡಾನೂ ಅಲ್ಲ, ಕಲ್ಲೂ ಅಲ್ಲ. ಜೀವ ಅದಾವ. ಒಂದೊಂದ್ ಗಡ್ಡಿಯೊಳಗ ಸಾವಿರಗಟ್ಲೆ ಅದಾವ. ಒಂದೊಂದಕ್ಕೂ ಒಂದ್ ಬಾಯಿ."

"ಸಾವಿರ ಬಾಯಿ? ನಮ್ಮ ಮನ್ಯಾಗಿನ ಒಂದ್ ಬಾಯಿಗೇ ನನಗ ಸಾಕಾಗೇತಿ ತಮ್ಮಾ."

"ಕಲ್ಲು ಅನ್ನೂದು ಅವು ಕಟಗೊಂಡ ಮನಿ, ಕಾಕಾ. ಒಂದ್ ಗೇಣು ಕಟ್ಟಾಕ ವರ್ಷಾನುಗಟ್ಲೆ ಹಿಡಿತೈತಿ. ಇವುಗಳ ತೊಗಲಿನಾಗ ಕಣ್ಣಿಗೆ ಕಾಣದಂಥಾ ಪಾಚಿ ಇರತೈತಿ. ಬಿಸಿಲು ತಗೊಂಡು ಅಡಿಗಿ ಮಾಡಿ ಹಾಕೂದು ಅದಽ. ಈ ಬಣ್ಣ ಐತಲ್ಲ, ಅದೂ ಪಾಚೀದಽ. ನೀರು ಕಾದ್ರ ಹವಳಕ್ಕ ತಲಿ ಕೆಡತೈತಿ. ಅಡಿಗಿ ಮಾಡೋ ಆಕಿನ್ನ, ಅಂದ್ರ ಆ ಪಾಚಿನ್ನ, ಹೊರಗ ಹಾಕತೈತಿ."

"ಹೊರಗ ಹಾಕಿ ಏನ್ ಉಣತೈತಿ?"

"ಏನೂ ಇಲ್ಲ. ಬೆಳ್ಳಗಾಗಿ ಕುಂದರತೈತಿ. ಲಗೂನ ತಂಪಾದ್ರ ಆಕಿ ಹೊಳ್ಳಿ ಬರತಾಳ. ಆಗಲಿಲ್ಲಂದ್ರ ಉಪಾಸ ಬಿದ್ದು ಸಾಯತೈತಿ."

ಉಳವಪ್ಪ ಗಾಜಿಗೆ ಮೂಗು ಹಚ್ಚಿ ನೋಡಿದ. "ಇಷ್ಟ ಸಿಟ್ಟಿನ ಪ್ರಾಣಿ ಐತೇನಿದು" ಎಂದ.

ಅವತ್ತಿನಿಂದ ಅವನು ಸಮುದ್ರದ ಮಾಲಿಯೂ ಆದ. ನಸುಕಿನ ಬಸ್ಸಿಗೆ ಹೆಬ್ಬಳ್ಳಿಯಿಂದ ಧಾರವಾಡ, ಅಲ್ಲಿಂದ ಕಂಪನಿಯ ಬಸ್ಸಿನಲ್ಲಿ ಬೇಲೂರು. ಮೊದಲು ತೋಟಕ್ಕೆ ಹೋಗುತ್ತಿದ್ದವನು ಈಗ ಮೊದಲು ತೊಟ್ಟಿಗೆ ಹೋಗುತ್ತಿದ್ದ. ಶುದ್ಧ ಮಾಡುವ ಯಂತ್ರದಿಂದ ನೀರು ಹಿಡಿಯಬೇಕು. ಅದಕ್ಕೆ ಸಮುದ್ರದ ಉಪ್ಪಿನ ಪುಡಿ ಕಲಸಬೇಕು. ಉಪ್ಪು ಎಷ್ಟಿದೆ ಎಂದು ಅಳೆಯುವ ಗಾಜಿನಲ್ಲಿ ನೋಡಬೇಕು. ತಂಪು ಮಾಡುವ ಯಂತ್ರ ಇಪ್ಪತ್ತಾರು ಡಿಗ್ರಿಗೆ ನಿಂತಿದೆಯೇ ನೋಡಬೇಕು. ಆವಿಯಾಗಿ ಇಳಿದ ಎರಡು ಬೆರಳು ನೀರನ್ನು ಉಪ್ಪಿಲ್ಲದ ನೀರಿನಿಂದ ತುಂಬಬೇಕು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು ಇದನ್ನೆಲ್ಲ ಒಂದು ತಿಂಗಳಲ್ಲಿ ಕಲಿತ. ಎಂಜಿನಿಯರ್ ಹುಡುಗರು ಕಲಿಯಲಿಲ್ಲ. ಅವರು ತೊಟ್ಟಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಮಾತ್ರ ಕಲಿತರು.

ಐದರಲ್ಲಿ ಒಂದು ಗಡ್ಡೆ ಅವನಿಗೆ ಹೆಚ್ಚು ಹತ್ತಿರವಾಯಿತು. ಹೂಕೋಸಿನ ಹಾಗೆ ಇತ್ತು, ಕಂದು ಬಣ್ಣ, ತುದಿಗೆ ನಸುಗೆಂಪು. ಸಾಹೇಬರು ಅದಕ್ಕೆ ಏನೋ ಉದ್ದನೆಯ ಹೆಸರು ಹೇಳುತ್ತಿದ್ದರು. ಉಳವಪ್ಪ ಅದನ್ನು ಗೋಬಿ ಎಂದ. ಬೆಳಿಗ್ಗೆ ಉಣಿಸು ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಗೋಬಿಯ ಮೈತುಂಬ ಸಣ್ಣ ಸಣ್ಣ ಕೈ ಹೊರಗೆ ಬರುತ್ತಿದ್ದವು. ಬೇರೆ ಯಾರು ನಿಂತರೂ ಬರುತ್ತಿದ್ದವು. ಉಳವಪ್ಪ ಮಾತ್ರ ತನಗೆಂದೇ ಬರುತ್ತವೆ ಎಂದು ನಂಬಿದ್ದ.

ಮನೆಗೆ ಬಂದರೆ ಅದೇ ಮಾತು. ಹೆಂಡತಿ ಬಾಳವ್ವ ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಹತ್ತಿರ ಕುಳಿತು ಶುರು ಮಾಡುತ್ತಿದ್ದ.

"ಇವತ್ತ ನೀರು ಇಪ್ಪತ್ತೇಳಕ್ಕ ಹೋಗಿತ್ತ ನೋಡು. ನನಗ ಕೈಕಾಲ ಆಡಲಿಲ್ಲ."

"ಹೋದ ವಾರ ನನಗ ಮೂರ್ ದಿನಾ ಜ್ವರ ಬಂದಿದ್ವು. ಎಷ್ಟಕ್ಕ ಹೋಗಿತ್ತು ಹೇಳ್ರಿ ನೋಡೋಣ?"

ಉಳವಪ್ಪ ಒಲೆಯ ಕಟ್ಟಿಗೆ ಮುಂದೆ ಸರಿಸಿದ.

"ನಾನೂ ಒಂದ್ ಗಾಜಿನ ಪೆಟ್ಟಿಗ್ಯಾಗ ಕುಂದರತೇನಿ. ಆವಾಗರ ನೋಡೀರಿ."

"ನಿನಗ ಸಾಲೂವಷ್ಟ ದೊಡ್ಡ ಪೆಟ್ಟಿಗಿ ಅಲ್ಲಾವುದ್ದೀನನ ಅಂಗಡ್ಯಾಗ ಇಲ್ಲ" ಎಂದು ಎದ್ದು ಹೊರಗೆ ಹೋದ. ರೊಟ್ಟಿ ಬಡಿಯುವ ಸಪ್ಪಳ ಆ ದಿನ ಓಣಿಯ ತುದಿಯವರೆಗೆ ಕೇಳಿಸಿತು.

ಇನ್ನು ಸಮುದ್ರಕ್ಕೆ ಬಂದ ಕಷ್ಟ. ದೊಡ್ಡ ಸಮುದ್ರಕ್ಕೆ ಏನೇನು ಬರುತ್ತದೆಯೋ ಐದು ಅಡಿಯ ಸಮುದ್ರಕ್ಕೂ ಎಲ್ಲ ಬಂತು. ಒಂದೂ ಕಡಿಮೆಯಾಗಲಿಲ್ಲ.

ಮೊದಲು ಭಕ್ತರು ಬಂದರು. ನೀರು ಕಂಡಲ್ಲಿ ನಾಣ್ಯ ಹಾಕುವ ಜನ. ಮಾಲು ಒಯ್ಯಲು ಬಂದ ಲಾರಿ ಚಾಲಕರು, ಬಿಲ್ಲು ಪಾಸು ಮಾಡಿಸಲು ಬಂದವರು, ಎಲ್ಲರೂ ಮುಚ್ಚಳ ಸರಿಸಿ ನಾಣ್ಯ ಹಾಕಿ ಕೈ ಮುಗಿದರು. ಉಳವಪ್ಪ ಹೆಕ್ಕಿ ಹೆಕ್ಕಿ ಸಾಕಾಗಿ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟ. ಡಬ್ಬಿಗೆ ಯಾರೂ ಹಾಕಲಿಲ್ಲ. ಡಬ್ಬಿಯಲ್ಲಿ ಪುಣ್ಯ ಇಲ್ಲ.

ಆಮೇಲೆ ಸ್ವಚ್ಛತೆ ಬಂತು. ನೆಲಕ್ಕೆ ಫಿನೈಲು, ಮೂಲೆಗೆ ಸೊಳ್ಳೆಯ ಔಷಧ. ಅದರ ಹೊಗೆ ನೀರಿಗೆ ಇಳಿಯುತ್ತದೆ ಎಂದು ಉಳವಪ್ಪ ಹೇಳಿದರೆ ಕಸ ಹೊಡೆಯುವ ನೀಲಾ, "ನಿನ್ನ ಹವಳಕ್ಕ ಮಲೇರಿಯಾ ಆದ್ರ ನನ್ನ ಕೇಳಬ್ಯಾಡ ಮತ್ತ" ಎಂದಳು.

ಲೆಕ್ಕಪತ್ರದ ಶಿವಯೋಗೀಶನಿಗೆ ಮಂಗಳನ ಕಾಟ. ಜ್ಯೋತಿಷಿ ಹವಳದ ಉಂಗುರ ಹಾಕಿಕೋ, ಹಾಕಿಕೊಳ್ಳುವ ಮುಂಚೆ ಸಮುದ್ರದ ನೀರಲ್ಲಿ ಅದ್ದು ಎಂದಿದ್ದನಂತೆ. ಗೋಕರ್ಣಕ್ಕೆ ಹೋಗಿಬರುವ ಬದಲು ಶಿವಯೋಗೀಶ ಊಟದ ಬಿಡುವಿನಲ್ಲಿ ಪಡಸಾಲೆಗೆ ಬಂದ. ಉಳವಪ್ಪ ನೋಡುವಷ್ಟರಲ್ಲಿ ಉಂಗುರ ನೀರಲ್ಲಿತ್ತು.

"ಶಿವಯೋಗೀಶಪ್ಪಾ, ನಿಮ್ಮ ಉಂಗುರದಾಗ ಇರೂದು ಇವುಗಳ ಸಂಬಂಧಿಕರ ಎಲುಬ್ರಿ. ಮನಿ ಮಂದಿ ಮುಂದ ತಂದು ತೋರಸ್ತೀರಲ್ಲ, ಒಂದೀಟು ನಾಚಿಕಿ ಬ್ಯಾಡೇನ್ರಿ?"

ಶಿವಯೋಗೀಶನಿಗೆ ನಾಚಿಕೆಯಾಗಲಿಲ್ಲ. ಉಂಗುರದಿಂದ ನೀರಿಗೆ ಕೆಂಪು ಬಣ್ಣ ಬಿಟ್ಟಾಗ ಮಾತ್ರ ಮುಖ ಕೆಂಪಾಯಿತು. ಜ್ಯೋತಿಷಿ ಕೊಟ್ಟದ್ದು ಬಣ್ಣ ಹಚ್ಚಿದ ಗಾಜಿನ ಹರಳು. ಅವತ್ತು ಉಳವಪ್ಪ ಅರ್ಧ ತೊಟ್ಟಿ ನೀರು ಬದಲಿಸಿದ.

ಎಲ್ಲಕ್ಕಿಂತ ಹೆಚ್ಚು ಕಾಟ ಸಮುದ್ರಪ್ರೇಮಿಗಳದ್ದು. ಸಾಹೇಬರು ಅತಿಥಿಗಳನ್ನು ಕರೆತಂದು ಅಂಗಿಯ ತೋಳು ಮಡಚಿ ಕೈ ಇಳಿಸಿ, "ಮುಟ್ಟಿ ನೋಡ್ರಿ, ಹೆಂಗದ" ಎನ್ನುತ್ತಿದ್ದರು. ಅತಿಥಿಗಳು ಮುಟ್ಟುತ್ತಿದ್ದರು. ಕೈಗೆ ಹಚ್ಚಿದ ಅತ್ತರು, ಕ್ರೀಮು, ಎಣ್ಣೆ ಎಲ್ಲ ಗೋಬಿಗೆ. ಕೊಂಬಿನಂತಿದ್ದ ಇನ್ನೊಂದು ಹವಳದ ಒಂದು ಕವಲು ಒಬ್ಬ ಅತಿಥಿಯ ಕೈಯಲ್ಲಿ ಮುರಿಯಿತು. "ಇರ್ಲಿ ಬಿಡ್ರಿ, ಮತ್ತ ಬೆಳೀತದ" ಎಂದರು ಸಾಹೇಬರು. ಅತಿಥಿ ಆ ತುಂಡನ್ನು ನೆನಪಿಗೆಂದು ಕಿಸೆಗೆ ಹಾಕಿಕೊಂಡ.

ದೇವರೂ ಸುಮ್ಮನೆ ಕೂಡಲಿಲ್ಲ. ಕಲ್ಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಬಸವನಹುಳು ಹುಟ್ಟಿ ಹವಳದ ತೊಗಲು ಕೆರೆದು ತಿನ್ನತೊಡಗಿದವು. ಉಳವಪ್ಪ ದಿನಾಲೂ ಚಿಮಟದಿಂದ ಆರಿಸಿದ. ಅವುಗಳನ್ನು ಬೈಯಲಿಲ್ಲ. "ಇವು ಹೊಟ್ಟಿಗೆ ತಿಂತಾವ, ತಮ್ಮಾ. ಫೋಟೋಕ್ಕ ನಿಂತು ತುಳಿಯೂದಿಲ್ಲ" ಎಂದು ಅಲ್ಲಾವುದ್ದೀನನಿಗೆ ಹೇಳಿದ.

ಹೋದ ವರ್ಷ ಏಪ್ರಿಲಿನಲ್ಲಿ ಧಾರವಾಡ ಹಂಚಿನ ಹಾಗೆ ಕಾದಿತ್ತು. ಒಂದು ದಿನ ಮಧ್ಯಾಹ್ನ ಗಾಳಿ ಎದ್ದು ಕಂಬಗಳು ಬಿದ್ದವು. ಕರೆಂಟು ಎರಡು ದಿನ ಬರಲಿಲ್ಲ. ಜನರೇಟರ್ ಇತ್ತು. ಅದರಲ್ಲಿ ಮೊದಲು ಯಂತ್ರಗಳು, ಆಮೇಲೆ ಸಾಹೇಬರ ಕೋಣೆಯ ಏಸಿ, ಆಮೇಲೆ ಸಭೆಯ ಕೋಣೆಯ ಏಸಿ. ಸಮುದ್ರದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಉಳವಪ್ಪ ಸಭೆಯ ಕೋಣೆಯ ಬಾಗಿಲು ಬಡಿದ.

"ಸಾಹೇಬ್ರ, ನೀರು ಮೂವತ್ತೊಂದ ಆಗೇತ್ರಿ. ತಂಪಿನ ಮಶೀನಿಗೆ ಒಂದ್ ಲೈನ್ ಕೊಡ್ಸ್ರಿ."

"ಸ್ವಲ್ಪ ತಡಿ ಉಳವಪ್ಪ. ಪರಿಸರ ದಿನಾಚರಣೀದು ಮೀಟಿಂಗ್ ನಡದದ."

ತಡೆದ. ಎಷ್ಟು ತಡೆದ ಎಂದರೆ ಧಾರವಾಡದಿಂದ ಎರಡು ಚೀಲ ಮಂಜುಗಡ್ಡೆಯನ್ನು ತಲೆಯ ಮೇಲೆ ಹೊತ್ತು ತಂದ. ಬಾಟಲಿಗೆ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟ. ಮೊರದಿಂದ ಗಾಳಿ ಹಾಕಿದ. ನೀರು ಮೂವತ್ತೆರಡಕ್ಕೆ ಹೋಯಿತು. ಮೂರನೆಯ ದಿನಕ್ಕೆ ಐದೂ ಗಡ್ಡೆ ಬೆಳ್ಳಗೆ. ಬಂದವರೆಲ್ಲ, ಅಬ್ಬಾ ಎಷ್ಟು ಚಂದ, ಹಾಲಿನ ಹಾಗಿದೆ ಎಂದರು. ಸಾಹೇಬರೂ ಮೆಚ್ಚಿದರು. ಅಡುಗೆಯವಳು ಹೊರಗೆ ಹೋಗಿದ್ದಾಳೆ, ಸಾವಿರ ಬಾಯಿ ಉಪವಾಸ ಬಿದ್ದಿವೆ ಎಂದು ಗೊತ್ತಿದ್ದವರು ಇಬ್ಬರೇ.

ಅಲ್ಲಾವುದ್ದೀನ ತನ್ನ ಮೊಬೈಲಿನಲ್ಲಿ ತೋರಿಸಿದ. ಖರೇ ಸಮುದ್ರದಲ್ಲಿ ಗುಡ್ಡಗುಡ್ಡವೇ ಬೆಳ್ಳಗಾಗಿ ಬಿದ್ದಿತ್ತು.

"ಕಾಕಾ, ಇಲ್ಲಿ ನೀವರ ಅದೀರಿ ಮಂಜುಗಡ್ಡಿ ಹೊರಾಕ. ಅಲ್ಲಿ ಯಾರದಾರ?"

"ಅಲ್ಲಿ ಕರೆಂಟ್ ಹೋಗಿಲ್ಲಲ್ಲೋ. ಮತ್ತ ಯಾಕ ಕಾಯತು?"

"ನಮ್ಮ ಕರೆಂಟು, ನಮ್ಮ ಗಾಡಿ, ನಮ್ಮ ಕಾರ್ಖಾನಿ ಹೊಗಿಲೇ ಕಾಯತು ಅಂತಾರ."

ಉಳವಪ್ಪ ಪಡಸಾಲೆಯ ಏಸಿಯನ್ನೊಮ್ಮೆ, ಗೋಬಿಯನ್ನೊಮ್ಮೆ ನೋಡಿದ.

ನಾಲ್ಕು ಗಡ್ಡೆ ಸತ್ತವು. ಗೋಬಿ ಸಾಯಲಿಲ್ಲ. ಎರಡು ತಿಂಗಳು ಉಳವಪ್ಪ ಅದರ ಬಾಯಿಗೆ ಹನಿ ಹಾಕುವ ನಳಿಗೆಯಿಂದ ಉಣಿಸು ಬಿಟ್ಟ. ರವಿವಾರವೂ ಹೋದ. ಮಳೆಗಾಲದ ನಡುವೆ ಒಂದು ದಿನ ಬುಡದ ಕಡೆ ಹೆಬ್ಬೆರಳಿನಷ್ಟು ಕಂದು ಬಣ್ಣ ಕಂಡಿತು. ಅವತ್ತು ಧಾರವಾಡದಿಂದ ಅರ್ಧ ಕಿಲೋ ಫೇಡೆ ಕಟ್ಟಿಸಿಕೊಂಡು ಮನೆಗೆ ಬಂದ.

"ಏನ್ ವಿಶೇಷರಿ?" ಎಂದಳು ಬಾಳವ್ವ.

"ಆಕಿ ಹೊಳ್ಳಿ ಬಂದ್ಲು."

"ಯಾರಾಕಿ?"

ಹೇಳಿದ. ಬಾಳವ್ವ ಫೇಡೆ ಬಾಯಿಗಿಟ್ಟುಕೊಂಡು ಬಹಳ ಹೊತ್ತು ನಕ್ಕಳು. ಆಮೇಲೆ ಕೇಳಿದಳು, "ಪೂರಾ ಬಣ್ಣ ಬರಾಕ ಇನ್ನ ಎಷ್ಟ ದಿನಾ ಬೇಕ್ರಿ?" ನಾಲ್ಕು ವರ್ಷದಲ್ಲಿ ಅವಳು ಗೋಬಿಯ ಬಗ್ಗೆ ಕೇಳಿದ ಮೊದಲ ಮಾತು ಅದು.

"ದೀಪಾವಳಿಗೆ ಬರಬೇಕ. ಬಂತಂದ್ರ ನಿನ್ನ ಕರಕೊಂಡ ಹೋಗಿ ತೋರಸ್ತೇನಿ."

ದೀಪಾವಳಿಯವರೆಗೆ ಗೋಬಿಯನ್ನು ಉಳಿಸುವುದು. ಉಳವಪ್ಪನಿಗೆ ಅಷ್ಟೇ ಬೇಕಾಗಿತ್ತು. ಬೇರೆ ಏನನ್ನೂ ಅವನು ಯಾರನ್ನೂ ಕೇಳಿದವನಲ್ಲ.

ನಡುವೆ ದಸರೆಯ ಖಂಡೇನವಮಿ ಬಂತು. ಕಾರ್ಖಾನೆಯಲ್ಲಿ ಯಂತ್ರಗಳ ಪೂಜೆ. ಲೇಥಿಗೆ ಹೂವು, ಲಾರಿಗೆ ಕುಂಬಳಕಾಯಿ. ತೊಟ್ಟಿಗೂ ಮೋಟಾರು ಇದೆ, ಅಂದ ಮೇಲೆ ಅದೂ ಯಂತ್ರವೇ. ಪೂಜೆ ಮಾಡುವ ಅಯ್ಯನವರು ವಿಭೂತಿ, ಕುಂಕುಮ, ಅರಿಸಿನ ಹಿಡಿದುಕೊಂಡು ಬಂದರು. ಹಿಂದೆ ಸಾಹೇಬರು ಒಡೆದ ತೆಂಗಿನಕಾಯಿ ಹಿಡಿದು ಬಂದರು. ಉಳವಪ್ಪ ಮುಚ್ಚಳದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದ.

"ಈ ಕಡೆ ಸರಿ ಉಳವಪ್ಪ. ಗಂಗಾ ಪೂಜಿ ಅದ. ಕಾಯಿ ನೀರು ಹಾಕೂದದ."

"ಬ್ಯಾಡ್ರಿ ಸಾಹೇಬ್ರ. ಹೊರಗ ಗಾಜಿಗೆ ಹಚ್ರಿ. ಎಷ್ಟರ ಹಚ್ರಿ."

"ಹಬ್ಬದ ದಿನಾ ಬ್ಯಾಡ ಅಂತೀಯಲ್ಲ, ಅಪಶಕುನ ಆಗೂದಿಲ್ಲೇನು?"

"ಅಪಶಕುನ ನನಗಽ ಆಗ್ಲಿರಿ."

ಅಯ್ಯನವರು ವಯಸ್ಸಾದವರು, ಬುದ್ಧಿವಂತರು. ಇನ್ನೂ ನಲವತ್ತು ಯಂತ್ರ ಬಾಕಿ ಇದ್ದವು. ಗಾಜಿಗೆ ಮೂರು ಬೆರಳು ವಿಭೂತಿ ಎಳೆದು ಮುಂದೆ ನಡೆದರು. ಉಳವಪ್ಪ ಗೆದ್ದ. ಫಿನೈಲು, ನಾಣ್ಯ, ಉಂಗುರ, ಅತಿಥಿ, ಬಿಸಿಲು, ಹುಳು, ತೆಂಗಿನಕಾಯಿ, ಎಲ್ಲದರಿಂದ ಗೋಬಿಯನ್ನು ಕಾಪಾಡಿದ. ಇನ್ನು ಉಳಿದವನು ಅವನೊಬ್ಬನೇ.

ಹಬ್ಬಕ್ಕೆಂದು ಅವನ ನೀರಿನ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕೆಲಸಗಾರರ ಊಟದ ಪಂಕ್ತಿಗೆ ಒಯ್ದಿದ್ದರು. ಒಂದರಲ್ಲಿ ನಿಂಬು ಶರಬತ್ತು, ಒಂದರಲ್ಲಿ ಮಜ್ಜಿಗೆ. ತಿರುಗಿ ಬಂದಾಗ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಈ ಡ್ರಮ್ಮಿನ ನೀರು ಗೋಬಿಗೆ ಹಾಕುವುದೇ? ಅವನ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಬಾಳವ್ವನಿಗೆ ಹೇಳಿದ.

"ಒಂದ್ ಸ್ವಚ್ಛ ಭಾಂಡೆ ಇದ್ರ ಕೊಡು. ಎಂಟ್ ದಿನಕ್ಕ."

ಬಾಳವ್ವ ದೇವರ ಕೋಣೆಯಿಂದ ತಾಮ್ರದ ಕೊಡ ತಂದಳು. ತವರಿನಿಂದ ಬಂದದ್ದು. ಕುಡಿಯುವ ನೀರಿಗೆ ಮತ್ತು ದೇವರ ನೀರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಳು. ಕೊಡ ಹೊಸದರ ಹಾಗೆ ಹೊಳೆಯಿತು.

"ತಾಮ್ರದಾಗಿನ ನೀರು ಭಾಳ ಛಲೋ. ನಮ್ಮಪ್ಪ ಇದರಾಗಿಂದ ಕುಡದು ತೊಂಬತ್ತ ವರ್ಷ ಬದುಕ್ಯಾನ. ನಿಮ್ಮ ಗೋಬಿನೂ ಬದುಕಲಿ" ಎಂದಳು.

ಉಳವಪ್ಪ ಕೊಡವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೇಲೂರಿಗೆ ಒಯ್ದ. ಶುದ್ಧ ನೀರು ಹಿಡಿದು ಅದರಲ್ಲಿ ತುಂಬಿಟ್ಟ. ದಿನಾಲೂ ಎರಡು ಬೆರಳು ಇಳಿದ ನೀರನ್ನು ಅದರಿಂದಲೇ ತುಂಬಿದ. ಮೂರು ದಿನ.

ನಾಲ್ಕನೆಯ ದಿನ ಗೋಬಿ ಕೈ ಹೊರಗೆ ಹಾಕಲಿಲ್ಲ. ಐದನೆಯ ದಿನ ಬುಡದ ಕಂದು ಬಣ್ಣ ತೊಗಲು ಸುಲಿದಂತೆ ಎದ್ದು ನೀರಲ್ಲಿ ತೇಲಿತು. ಉಳವಪ್ಪ ನೀರು ಕೆಟ್ಟಿದೆ ಎಂದುಕೊಂಡು ಇನ್ನಷ್ಟು ಒಳ್ಳೆಯ ನೀರು ಹಾಕಿದ. ಕೊಡದಿಂದ.

ಅಲ್ಲಾವುದ್ದೀನ ಹುಬ್ಬಳ್ಳಿಯಿಂದ ಗಾಡಿ ಹಾಕಿಕೊಂಡು ಬಂದ. ನೋಡಿದ. ಕೈ ಇಳಿಸಿ ಮುಟ್ಟಿದ. ಬೆರಳಿಗೆ ಲೋಳೆ ಬಂತು.

"ಏನ್ ಹಾಕಿದ್ರಿ ಕಾಕಾ?"

"ಏನೂ ಹಾಕಿಲ್ಲ. ಯಾರಿಗೂ ಹಾಕಾಕ ಬಿಟ್ಟೂ ಇಲ್ಲ. ಬರೇ ನೀರು."

"ಯಾವುದರಾಗ ಹಿಡದಿದ್ರಿ?"

ಉಳವಪ್ಪ ಕೊಡ ತೋರಿಸಿದ. ಅಲ್ಲಾವುದ್ದೀನ ಕೊಡದೊಳಗೆ ಬೆರಳು ಹಾಕಿ ಉಜ್ಜಿ ನೋಡಿದ.

"ನಾನಽ ಮೊದಲ ಹೇಳಬೇಕಾಗಿತ್ತ ಕಾಕಾ. ನನ್ನ ತಪ್ಪು."

"ಏನಂತ?"

"ತಾಮ್ರ ಇವಕ್ಕ ವಿಷ. ಮನಶ್ಯಾರಿಗೆ ಏನೂ ಆಗೂದಿಲ್ಲ. ಇವಕ್ಕ ಒಂದ್ ಕಣದಷ್ಟ ಸಾಕು."

ಉಳವಪ್ಪ ಗಾಜಿಗೆ ಹಣೆ ಹಚ್ಚಿ ನಿಂತ. ಪಡಸಾಲೆಗೆ ಬಂದವರು ಯಾರೋ ಅವನ ಬೆನ್ನ ಹಿಂದಿನಿಂದ ಮೊಬೈಲು ಚಾಚಿ ಫೋಟೋ ತೆಗೆದುಕೊಂಡು ಹೋದರು.

ಕೊಡ ಮನೆಗೆ ಬಂತು. ಕರೆಂಟು ಹೋಗಿತ್ತು ಎಂದು ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಅವನಿಗೆ ಸುಳ್ಳು ಬರುತ್ತಿರಲಿಲ್ಲ. ಬಾಳವ್ವನ ಮುಂದಂತೂ ಬರುತ್ತಿರಲೇ ಇಲ್ಲ. ಎರಡು ಮಾತಿನಲ್ಲಿ ಸಿಕ್ಕಿಬಿದ್ದ. ಬಾಳವ್ವ ಕೊಡ ಎತ್ತಿಕೊಂಡು ಅಂಗಳಕ್ಕೆ ನಡೆದಳು.

"ಎಲ್ಲಿಗೆ?"

"ಗುಜರಿಯಾಂವಗ ಹಾಕತೇನಿ. ಜೀವಾ ತಿಂದ ಕೊಡ ನನ್ನ ದೇವರ ಮುಂದ ಬ್ಯಾಡ."

"ಕೊಡಾ ಏನ್ ಮಾಡತೈತಿ? ನೀರ್ ಹಾಕಿದ ಕೈ ನಂದು."

"ಕೊಟ್ಟ ಕೈ ನಂದಲ್ಲೇನ್ರಿ?"

ಉಳವಪ್ಪ ಎದ್ದು ಹೋಗಿ ಕೊಡ ಇಸಿದುಕೊಂಡ. ಹೊರಗಿನ ನಳದಿಂದ ತುಂಬಿದ. ಅಲ್ಲೇ ನಿಂತು ಒಂದು ಚರಿಗೆ ಕುಡಿದ. ಇನ್ನೊಂದು ಚರಿಗೆ ತುಂಬಿ ಅವಳ ಕಡೆ ಹಿಡಿದ.

"ಕುಡಿ. ನಮಗೇನೂ ಆಗೂದಿಲ್ಲಂತ. ನಾವು ಎಲ್ಲಾ ತಡ್ಕೊಳ್ಳೂ ಮಂದಿ."

ಬಾಳವ್ವ ಕುಡಿದಳು.

ಸತ್ತ ಹವಳ ಒಂದು ವಾರದಲ್ಲಿ ಬರೀ ಎಲುಬಾಯಿತು. ಬೆಳ್ಳಗೆ, ಸ್ವಚ್ಛ, ಹೊಲಸು ವಾಸನೆಯಿಲ್ಲ. ಸಾಹೇಬರು ಅದನ್ನು ನೋಡಿದರು. ಅವರಿಗೆ ಒಂದು ವಿಚಾರ ಹೊಳೆಯಿತು. ಅವರ ವಿಚಾರಗಳಿಗೆ ಯಾವಾಗಲೂ ಯಾವುದಾದರೂ ಒಂದು ಜೀವ ಬೇಕಾಗುತ್ತಿತ್ತು. ಈ ಸಲ ಹೆಣವೇ ಸಾಕಾಯಿತು.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ಒಂದು ಕಾರ್ಯಕ್ರಮ. ಹವಳದ ದಿಬ್ಬಗಳನ್ನು ಉಳಿಸಿ ಎಂಬ ವಿಷಯದ ಮೇಲೆ ಭಾಷಣ. ಸಾಹೇಬರೇ ಅಧ್ಯಕ್ಷರು. ಭಾಷಣಕ್ಕೆ ದೂರದಿಂದ ಒಬ್ಬರು ವಿದ್ವಾಂಸರು ಬರುವವರಿದ್ದರು. ಅವರಿಗೆ ನೆನಪಿನ ಕಾಣಿಕೆ ಕೊಡಬೇಕಲ್ಲ.

"ಉಳವಪ್ಪ, ಇದನ್ನ ಹೊರಗ ತಗದು ಚೊಲೋತ್ನ್ಯಾಗಿ ತೊಳದು ವಿಶಾಲನ ಕಡೆ ಕೊಡು. ಕಟ್ಟಿಗೀ ಪೀಠಾ ಮಾಡಿಸಿ, ಮೆರಗು ಹಚ್ಚಿ, ಕೆಳಗ ಹೆಸ್ರು ಬರಸೋಣ. ಭಾಳ ಛಂದ ಕಾಣ್ತದ."

"ಇದನ್ನ ಕೊಡ್ತೀರೇನ್ರಿ? ಹವಳ ಉಳಸ್ರಿ ಅಂತ ಹೇಳಾಕ ಬಂದವ್ರಿಗೆ?"

"ಅದಕ್ಕಽ ಕೊಡೂದು. ಅರ್ಥಪೂರ್ಣ ಇರ್ತದ."

ಉಳವಪ್ಪ ಹೂಂ ಎಂದ. ಸಾಹೇಬರಿಗೆ ಅವನು ಹೂಂ ಎನ್ನದೆ ಇದ್ದದ್ದು ಖಂಡೇನವಮಿಯ ದಿನ ಒಮ್ಮೆ ಮಾತ್ರ.

ಮರುದಿನ ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ತೊಟ್ಟಿ ತೆರವು ಮಾಡಲು ಅಲ್ಲಾವುದ್ದೀನನೂ ಬಂದಿದ್ದ. ಉಳವಪ್ಪ ಗೋಬಿಯನ್ನು ಎರಡೂ ಕೈಯಿಂದ ಎತ್ತಿದ. ಹೆಗಲ ಮೇಲಿನ ಪಂಜೆಯಲ್ಲಿ ಸುತ್ತಿದ. ವಿಶಾಲನ ಕೋಣೆಯ ಕಡೆ ಹೋಗಲಿಲ್ಲ. ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋದ. ಬೇವಿನ ಗಿಡದ ಪಕ್ಕದಲ್ಲಿ ಗುದ್ದಲಿಯಿಂದ ಅಗೆಯತೊಡಗಿದ. ಮೊಣಕಾಲು ಆಳ.

"ಕಾಕಾ, ಏನ್ ಮಾಡಾಕತ್ತೀರಿ?"

"ಸತ್ತವರಿಗೆ ಏನ್ ಮಾಡತಾರ ಅದನ್ನ."

ಉಳವಪ್ಪನ ಕಡೆಯವರು ಸತ್ತವರನ್ನು ಸುಡುವುದಿಲ್ಲ. ಕೂಡಿಸಿ ಮಣ್ಣು ಕೊಡುತ್ತಾರೆ. ಅವನು ಗೋಬಿಯನ್ನು ನೆಟ್ಟಗೆ ಕೂಡಿಸಿದ. ಕಿಸೆಯಿಂದ ವಿಭೂತಿ ತೆಗೆದು ಮೂರು ಬೆರಳು ಹಚ್ಚಿದ. ಬದುಕಿದ್ದಾಗ ಯಾರಿಗೂ ಹಚ್ಚಗೊಡದವನು ತಾನೇ ಹಚ್ಚಿದ. ಎರಡು ಎಲೆ ಬಿಲ್ವಪತ್ರೆ ಇಟ್ಟ. ಮಣ್ಣು ಎಳೆದ. ಅಲ್ಲಾವುದ್ದೀನನೂ ಬಗ್ಗಿ, ತನ್ನವರ ಪದ್ಧತಿಯಂತೆ ಮೂರು ಹಿಡಿ ಮಣ್ಣು ಹಾಕಿದ. ಇಬ್ಬರೂ ಕೈ ತೊಳೆದುಕೊಂಡು ಬುತ್ತಿ ಬಿಚ್ಚಿದರು. ತಿನ್ನಲಿಲ್ಲ.

ಸುದ್ದಿ ಹೋಗಲು ಹೊತ್ತು ಹಿಡಿಯಲಿಲ್ಲ. ಸಾಹೇಬರೇ ಬಂದರು. ಹಿಂದೆ ವಿಶಾಲ.

"ಎಲ್ಲದ ಅದು?"

ಉಳವಪ್ಪ ನೆಲ ತೋರಿಸಿದ.

"ತಲಿ ಗಿಲಿ ಕೆಟ್ಟದೇನು? ತಗೀ ಹೊರಗ."

"ಮಣ್ಣು ಕೊಟ್ಟಿದ್ದನ್ನ ನಾ ತಗ್ಯಾಂವಲ್ರಿ." ಗುದ್ದಲಿಯ ಹಿಡಿಯನ್ನು ಸಾಹೇಬರ ಕಡೆ ಮಾಡಿ ಹಿಡಿದ. "ನಿಮಗ ಬೇಕಾದ್ರ ನೀವ ತಗೀರಿ."

ಸಾಹೇಬರು ಗುದ್ದಲಿ ನೋಡಿದರು. ಹಸಿ ಮಣ್ಣಿನ ದಿಬ್ಬ ನೋಡಿದರು. ತಮ್ಮ ಬಿಳಿ ಬೂಟು ನೋಡಿಕೊಂಡರು. ಅಂಡಮಾನದಲ್ಲಿ ಹವಳದ ಮೇಲೆ ನಿಂತಿದ್ದ ಕಾಲು ಇಲ್ಲಿ ಒಂದು ಹೆಜ್ಜೆ ಮುಂದೆ ಬರಲಿಲ್ಲ. ವಿಶಾಲನ ಕಡೆ ತಿರುಗಿದರು. ವಿಶಾಲ ಮುಗಿಲು ನೋಡುತ್ತಿದ್ದ.

"ನೋಟೀಸ್ ಕೊಡು ಇವಗ" ಎಂದು ಹೋದರು.

ನೋಟೀಸು ಮರುದಿನವೇ ಬಂತು. ಕಂಪನಿಯ ವಸ್ತುವನ್ನು ಅನುಮತಿಯಿಲ್ಲದೆ ಹೂತು ಹಾಕಿದ್ದಕ್ಕೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಕೆಳಗೆ ಹತ್ತು ಗೆರೆ ಜಾಗ ಬಿಟ್ಟಿದ್ದರು. ಉಳವಪ್ಪ ವಿಶಾಲನ ಮೇಜಿನ ಎದುರು ನಿಂತುಕೊಂಡೇ, ಪೆನ್ನು ಗಟ್ಟಿಯಾಗಿ ಹಿಡಿದು, ದಪ್ಪ ಅಕ್ಷರದಲ್ಲಿ ಬರೆದ. ಒಂದು ಗೆರೆಯೂ ತುಂಬಲಿಲ್ಲ.

ಸತ್ತಿತ್ತು. ಮಣ್ಣು ಕೊಟ್ಟೆ.

ವಿಶಾಲ ಓದಿದ. "ಇಷ್ಟಽ ಏನ್ರಿ?"

"ಇಷ್ಟಽರಿ."

"ಉಳವಪ್ಪನವರ, ಕೆಳಗ ತಪ್ಪಾಗೇತಿ ಅಂತ ಒಂದ್ ಮಾತು ಬರದ ಕೊಡ್ರಿ. ಸಾಹೇಬ್ರಿಗೆ ನಾ ಹೇಳಿ ಮುಗಸ್ತೇನಿ."

ಉಳವಪ್ಪ ಪೆನ್ನು ಮೇಜಿನ ಮೇಲಿಟ್ಟ.

"ತಪ್ಪು ನೀರ್ ಹಾಕೂದರಾಗ ಆಗೇತ್ರಿ. ಮಣ್ಣು ಕೊಡೂದರಾಗ ಆಗಿಲ್ಲ."

ಸಹಿ ಮಾಡಿದ್ದ ಕಾಗದವನ್ನು ವಿಶಾಲನ ಕಡೆ ಸರಿಸಿ, ತೋಟಕ್ಕೆ ನೀರು ಬಿಡಲು ಹೋದ.